ಗೂಡ್ಸ್ ಗಾಡಿ ಕಾಣಿಸದ ನಕ್ಷೆ

ಕರ್ನಾಟಕದ ರೈಲು ನಕ್ಷೆ ಬೇಕೆಂದರೆ ಸಾಮಾನ್ಯವಾಗಿ ಕೈಗೆ ಸಿಗುವುದು ನೈಋತ್ಯ ರೈಲ್ವೆಯ ನಕ್ಷೆ. ಅದನ್ನು ಹರಡಿ ನೋಡಿದರೆ ಗೋವಾದ ವಾಸ್ಕೋ ಇದೆ, ತಮಿಳುನಾಡಿನ ಹೊಸೂರು, ಧರ್ಮಪುರಿ ಇವೆ, ಆಂಧ್ರದ ಹಿಂದೂಪುರವೂ ಇದೆ. ಕಲಬುರಗಿ ಮಾತ್ರ ಇಲ್ಲ. ಅದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದ್ದು. ರಾಯಚೂರು ಬಹುಕಾಲ ಗುಂತಕಲ್ಲಿನ ಲೆಕ್ಕದಲ್ಲಿತ್ತು; ಬೀದರ ಸಿಕಂದರಾಬಾದಿಗೆ, ಮಂಗಳೂರು ಸೆಂಟ್ರಲ್ ಪಾಲಕ್ಕಾಡಿಗೆ ಸೇರಿವೆ. ಕಾರವಾರ, ಕುಮಟಾ, ಉಡುಪಿಗಳು ಕೊಂಕಣ ರೈಲ್ವೆಯ ಪಾಲು. ಒಂದು ರಾಜ್ಯದ ಹಳಿಗಳನ್ನು ಒಟ್ಟಿಗೆ ನೋಡಬೇಕೆಂದರೆ ನಾಲ್ಕೈದು ಆಡಳಿತಗಳ ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಬೇಕು. ಕೂಡಿಸಿದರೂ ಸಿಗುವುದು ಅರ್ಧ ಸಂಗತಿ. ಹಳಿ ಎಲ್ಲಿದೆ ಎಂಬುದು ಅವುಗಳಲ್ಲಿದೆ, ಆ ಹಳಿಯ ಮೇಲೆ ಏನು ಹೋಗುತ್ತದೆ, ಎಷ್ಟು ಹೋಗುತ್ತದೆ ಎಂಬುದಿಲ್ಲ.

ಇದಕ್ಕೆ ಕಾರಣ ಹಳೆಯದು. ನಮ್ಮ ರೈಲು ನಕ್ಷೆಗಳನ್ನು ಮೊದಲು ಬರೆಸಿದವು ಕಂಪನಿಗಳು. 1864ರಲ್ಲಿ ಮದ್ರಾಸ್ ರೈಲ್ವೆ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಹಳಿ ತಂದಾಗ, ಆ ಕಂಪನಿಯ ನಕ್ಷೆಯಲ್ಲಿ ಬೆಂಗಳೂರು ಮುಖ್ಯ ಮಾರ್ಗದಿಂದ ಪಕ್ಕಕ್ಕೆ ಚಾಚಿದ ಒಂದು ಶಾಖೆಯ ಕೊನೆಯ ಚುಕ್ಕೆ, ಅಷ್ಟೇ. 1871ರಲ್ಲಿ ಮುಂಬಯಿ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸ್ ರೈಲ್ವೆಯೂ ರಾಯಚೂರಿನಲ್ಲಿ ಸಂಧಿಸಿದವು. ಅದು ಎರಡು ಬಂದರು ಪಟ್ಟಣಗಳ ವ್ಯವಹಾರ, ರಾಯಚೂರು ನಡುವೆ ಸಿಕ್ಕ ಊರು. ಮೂರು ವರ್ಷಗಳಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದ್ ಕಡೆ ಕವಲೊಡೆಯಿತು. ಈ ನಕ್ಷೆಗಳ ಯಾವ ಮೂಲೆಯಲ್ಲೂ ಕನ್ನಡ ಸೀಮೆ ಎಂಬ ಕಲ್ಪನೆಯಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ ಅನ್ನಿ.

ಎರಡನೆಯ ಪದರವನ್ನು ಹಾಕಿದ್ದು ಬರಗಾಲ. 1876–78ರ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಕೂಲಿ ಕೊಡುವ ಕಾಮಗಾರಿಯಾಗಿ ಶುರುವಾದ ಬೆಂಗಳೂರು–ಮೈಸೂರು ಹಳಿ 1882ರಲ್ಲಿ ಮೈಸೂರು ಮುಟ್ಟಿತು. ಅದೇ ವರ್ಷ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಧಾರವಾಡದಲ್ಲಿ ಕಚೇರಿ ತೆರೆದು ಬಳ್ಳಾರಿ, ಗದಗ, ಹುಬ್ಬಳ್ಳಿ, ಲೋಂಡಾ ದಾಟಿ ಮರ್ಮಗೋವಾ ಬಂದರಿನ ದಾರಿ ಹಿಡಿಯಿತು. ಇವೆಲ್ಲ ಕಡಿಮೆ ಖರ್ಚಿನ ಮೀಟರ್ ಗೇಜ್ ಹಳಿಗಳು. ಮುಂದೆ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಇನ್ನೂ ಕಿರಿದಾದ ನ್ಯಾರೋ ಗೇಜ್ ಬಂತು. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳ ಸೂಚಿಯಲ್ಲಿ ಬ್ರಾಡ್ ಗೇಜಿಗೆ ಒಂದು ಗುರುತು, ‘ಇತರ ಗೇಜು’ಗಳಿಗೆ ಇನ್ನೊಂದು. ಮೈಸೂರು ಸಂಸ್ಥಾನದ ಬಹುಪಾಲು ರೈಲು ಆ ‘ಇತರ’ದೊಳಗೇ ಇತ್ತು. ಆದರೂ ಸರಕಿನ ಮಟ್ಟಿಗೆ ಆ ಗುರುತು ಬಹಳ ಮುಖ್ಯವಾದದ್ದು. ಗೇಜು ಬದಲಾಗುವ ಸ್ಟೇಷನ್ನಿನಲ್ಲಿ ಪ್ರಯಾಣಿಕ ಪೆಟ್ಟಿಗೆ ಎತ್ತಿಕೊಂಡು ಎದುರಿನ ಪ್ಲಾಟ್‌ಫಾರ್ಮಿಗೆ ನಡೆದುಬಿಡುತ್ತಾನೆ. ಮೂಟೆಯನ್ನು ಹಮಾಲರೇ ಇಳಿಸಿ ಹತ್ತಿಸಬೇಕು. ಎರಡು ಗುರುತುಗಳು ಕೂಡುವ ಜಾಗವೆಲ್ಲ ಖರ್ಚಿನ ಜಾಗ.

ಸರಕಿಗೂ ಪ್ರಯಾಣಿಕರಿಗೂ ಬೇರೆ ಬೇರೆ ನಕ್ಷೆ ಬೇಕೆಂಬ ತಿಳಿವಳಿಕೆ ಹೊಸದೇನಲ್ಲ. ಐರ್ಲೆಂಡಿನಲ್ಲಿ ಎಲ್ಲೆಲ್ಲಿ ರೈಲು ಹಾಕಬಹುದೆಂದು ವಿಚಾರಿಸಲು ನೇಮಿಸಿದ್ದ ಆಯೋಗಕ್ಕಾಗಿ ಹೆನ್ರಿ ಡ್ರೂರಿ ಹಾರ್ನೆಸ್ ಎಂಬ ಸೇನಾ ಎಂಜಿನಿಯರ್ 1837ರಲ್ಲಿ ಒಂದರ ಪಕ್ಕ ಒಂದಿಡುವಂಥ ನಕ್ಷೆಗಳನ್ನು ಬರೆದ. ಒಂದರಲ್ಲಿ ಜನಸಾಂದ್ರತೆ, ಒಂದರಲ್ಲಿ ಪ್ರಯಾಣಿಕರ ಓಡಾಟ, ಇನ್ನೊಂದರಲ್ಲಿ ಸರಕಿನ ಸಾಗಾಟ. ಓಡಾಟ ಹೆಚ್ಚಿದ್ದಲ್ಲಿ ಗೆರೆ ದಪ್ಪ, ಕಡಿಮೆಯಿದ್ದಲ್ಲಿ ಸಣ್ಣ. ಫ್ರಾನ್ಸಿನ ಶಾರ್ಲ್ ಜೋಸೆಫ್ ಮಿನಾರ್ ಈ ವಿಧಾನವನ್ನು 1845ರಿಂದ ದಶಕಗಳ ಕಾಲ ಬೆಳೆಸಿದ. ರೈಲು ಇನ್ನೂ ಎಳೆಗೂಸಾಗಿದ್ದಾಗಲೇ ಹುಟ್ಟಿದ ಈ ವಿದ್ಯೆ ನಮ್ಮ ನಾಡಿನ ಸಾರ್ವಜನಿಕ ನಕ್ಷೆಗಳಿಗೆ ಬರಲೇ ಇಲ್ಲ. ಇಲ್ಲಿ ಓದುಗರಿಗೆ ಸಿಕ್ಕಿದ್ದು 19ನೇ ಶತಮಾನದಲ್ಲಿ ಕಲ್ಕತ್ತೆಯಿಂದ ಹೊರಟ ನ್ಯೂಮನ್ನರ ಇಂಡಿಯನ್ ಬ್ರಾಡ್‌ಶಾ, ಆಮೇಲೆ ರೈಲ್ವೆಯದೇ ‘ಟ್ರೇನ್ಸ್ ಅಟ್ ಎ ಗ್ಲಾನ್ಸ್’. ಎರಡೂ ಪ್ರಯಾಣಿಕರ ಪುಸ್ತಕಗಳು, ಎರಡರ ನಕ್ಷೆಯೂ ವೇಳಾಪಟ್ಟಿಯ ಸೇವಕ. ಟಿಕೆಟ್ ಕೊಡದ ಹಳಿಗೆ ಅವುಗಳಲ್ಲಿ ಜಾಗವಿಲ್ಲ.

ಹಾಗಾದರೆ ಸರಕಿನ ನಕ್ಷೆ ಎಲ್ಲಿ ಹೋಯಿತು? ಕೋಷ್ಟಕದೊಳಗೆ ಹೋಯಿತು. ಲಂಡನ್ನಿನಲ್ಲಿ 1842ರಲ್ಲಿ ಶುರುವಾದ ರೈಲ್ವೆ ಕ್ಲಿಯರಿಂಗ್ ಹೌಸ್, ಒಂದು ಕಂಪನಿಯ ವ್ಯಾಗನ್ ಇನ್ನೊಂದರ ಹಳಿಯ ಮೇಲೆ ಎಷ್ಟು ದೂರ ಓಡಿತೆಂದು ಲೆಕ್ಕ ಹಾಕಿ ಹಣ ಹಂಚುತ್ತಿತ್ತು. ಅಲ್ಲಿನ ಜಾನ್ ಏರಿ 1860ರ ದಶಕದಲ್ಲಿ ಹೊರತಂದ ಜಂಕ್ಷನ್ ಚಿತ್ರಗಳಲ್ಲಿ ಒಂದೊಂದು ಕಂಪನಿಗೆ ಒಂದೊಂದು ಬಣ್ಣ, ಒಂದೊಂದು ತುಂಡಿಗೂ ದೂರ. ಹಳಿಯ ಒಡೆಯ ಯಾರೆಂಬುದು ಗಜದಷ್ಟು ಜಾಗಕ್ಕೂ ಖಚಿತವಾಗಿತ್ತು. ಭಾರತದಲ್ಲಿ ಅದೇ ಕೆಲಸವನ್ನು ಇಂಡಿಯನ್ ರೈಲ್ವೆ ಕಾನ್ಫರೆನ್ಸ್ ಅಸೋಸಿಯೇಷನ್ನಿನ ಸ್ಟೇಷನ್ ಪಟ್ಟಿಗಳೂ ಜಂಕ್ಷನ್ ದೂರದ ಕೋಷ್ಟಕಗಳೂ ಮಾಡಿದವು. ಗೂಡ್ಸ್ ಕ್ಲರ್ಕಿಗೆ ಬೇಕಾದದ್ದು ಬಾಡಿಗೆ ಕಟ್ಟಲು ಕಿಲೋಮೀಟರು. ದಾರಿಯ ಆಕಾರ ಅವನಿಗೇಕೆ? ಕೆಲವು ಸಲ ಸರಕು ಓಡುವ ದಾರಿಯೇ ಒಂದು, ಬಾಡಿಗೆ ಎಣಿಸುವ ದಾರಿಯೇ ಇನ್ನೊಂದು ಆಗುವುದುಂಟು. ಹೀಗೆ ಪ್ರಯಾಣಿಕರ ಜಾಲ ಚಿತ್ರವಾಗಿ ಉಳಿದು, ಸರಕಿನ ಜಾಲ ಅಂಕಿಗಳ ಪುಸ್ತಕವಾಗಿ ಕಚೇರಿ ಸೇರಿತು.

ಸ್ವಾತಂತ್ರ್ಯದ ನಂತರ ಕಂಪನಿಗಳ ಬಣ್ಣ ಅಳಿಸಿ ವಲಯಗಳ ಬಣ್ಣ ಬಂತು. 1951ರ ಏಪ್ರಿಲಿನಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ, ಸೌತ್ ಇಂಡಿಯನ್, ಮೈಸೂರು ಸ್ಟೇಟ್ ರೈಲ್ವೆಗಳು ಕೂಡಿ ದಕ್ಷಿಣ ರೈಲ್ವೆಯಾಯಿತು. 1956ರಲ್ಲಿ ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು, ಮೈಸೂರು ಸೀಮೆಗಳು ಒಂದು ರಾಜ್ಯವಾದಾಗ, ಅದರ ರೈಲು ಬೇರೆ ಬೇರೆ ಸೀರೆಗಳ ತುಂಡು ಹೊಲಿದ ಕೌದಿಯಾಗಿತ್ತು, ನಡುವೆ ಕೊಡಗಿನಷ್ಟು ಬರಿ ಜಾಗ. ಕೊಡಗಿಗೆ ಇವತ್ತಿಗೂ ಹಳಿ ಹೋಗಿಲ್ಲ. 1966ರಲ್ಲಿ ಹುಬ್ಬಳ್ಳಿ ವಿಭಾಗ ಸಿಕಂದರಾಬಾದ್ ಕೇಂದ್ರದ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು. 2003ರ ಏಪ್ರಿಲ್ 1ರಂದು ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ಶುರುವಾದಾಗ ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳು ಒಂದು ಹಾಳೆಗೆ ಬಂದವು. ರಾಜ್ಯದ ಆಕಾರಕ್ಕೆ ರೈಲು ನಕ್ಷೆ ಇಷ್ಟು ಹತ್ತಿರ ಬಂದದ್ದು ಅದೇ ಮೊದಲು. ಕಲಬುರಗಿಗೆ ಪ್ರತ್ಯೇಕ ವಿಭಾಗವನ್ನು 2014ರಲ್ಲಿ ಘೋಷಿಸಿದರು. ಘೋಷಣೆಯನ್ನು ತೋರಿಸಲು ನಕ್ಷೆಯಲ್ಲಿ ಗುರುತಿಲ್ಲ.

ಈ ನಡುವೆ 1992ರಲ್ಲಿ ಆರಂಭವಾದ ಯೂನಿಗೇಜ್ ಯೋಜನೆ ನಕ್ಷೆಯ ಸೂಚಿಯನ್ನೇ ಬದಲಿಸಿತು. ಮೀಟರ್ ಗೇಜಿನ ಗೆರೆಗಳು ಒಂದೊಂದಾಗಿ ಬ್ರಾಡ್ ಗೇಜಾದವು. ಒಂದೂವರೆ ಶತಮಾನ ರೈಲು ನಕ್ಷೆಗಾರನ ಮುಖ್ಯ ಪ್ರಶ್ನೆ ‘ಯಾವ ಗೇಜು’ ಎಂಬುದಾಗಿತ್ತು. ಈಗಿನ ಪ್ರಶ್ನೆ ಹಳಿ ಒಂಟಿಯೋ ಜೋಡಿಯೋ, ಮೇಲೆ ವಿದ್ಯುತ್ ತಂತಿ ಇದೆಯೋ ಎಂಬುದು. ಗೋಡೆಗೆ ತೂಗುವ ಸಿಸ್ಟಂ ಮ್ಯಾಪುಗಳು ಇದನ್ನು ಅಚ್ಚುಕಟ್ಟಾಗಿ ತೋರಿಸುತ್ತವೆ. ಅವುಗಳಲ್ಲಿ ಹೊಸಪೇಟೆ–ವಾಸ್ಕೋ ಗೆರೆಗೂ ಶಿವಮೊಗ್ಗ–ತಾಳಗುಪ್ಪ ಗೆರೆಗೂ ಹೆಚ್ಚು ಅಂತರ ಕಾಣದೆ ಹೋಗುವುದೇ ನನ್ನ ತಕರಾರು.

ಹೊಸಪೇಟೆಯ ಗೆರೆಯನ್ನೇ ತೆಗೆದುಕೊಳ್ಳಿ. ಬಳ್ಳಾರಿ, ಸಂಡೂರು ಬೆಟ್ಟಗಳ ಅದಿರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಮರ್ಮಗೋವಾದಿಂದ ಬರುವ ಕಲ್ಲಿದ್ದಲು, ಎಲ್ಲಕ್ಕೂ ಅದೇ ದಾರಿ. ಕ್ಯಾಸಲ್‌ರಾಕಿನಿಂದ ಕುಳೆಂವರೆಗಿನ ಘಟ್ಟದ ಏರು 37ಕ್ಕೆ 1; ಕಲ್ಲಿದ್ದಲಿನ ರೇಕು, ಅಂದರೆ ಜೋಡಿಸಿದ ವ್ಯಾಗನ್ನುಗಳ ಇಡೀ ಸಾಲು, ಹತ್ತಬೇಕಾದರೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ನುಗಳು ಬೇಕು. ಅಲ್ಲಿ ಜೋಡಿ ಹಳಿ ಹಾಕಲು ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ಗೋವಾದಲ್ಲಿ ನಡೆದ ಜಗಳ ಬಹುಮಟ್ಟಿಗೆ ಕಲ್ಲಿದ್ದಲಿನ ಪ್ರಮಾಣದ್ದು. ಆ ಪ್ರಮಾಣ ಯಾವ ಸಾರ್ವಜನಿಕ ನಕ್ಷೆಯಲ್ಲೂ ಕಾಣದ ಕಾರಣ, ಪ್ರತಿಯೊಂದು ಪಕ್ಷವೂ ತನಗೆ ಬೇಕಾದ ಅಂಕಿ ಹೇಳಿತು. 2011ರ ಜುಲೈಯಲ್ಲಿ ಬಳ್ಳಾರಿಯ ಗಣಿಗಾರಿಕೆಗೆ ಅದೇ ನ್ಯಾಯಾಲಯ ತಡೆ ಹಾಕಿದಾಗಲೂ ಅಷ್ಟೇ. ಹಾರ್ನೆಸ್ಸನ ಕ್ರಮದ ನಕ್ಷೆ ಇದ್ದಿದ್ದರೆ ಆ ವರ್ಷ ಬಳ್ಳಾರಿ ಸುತ್ತಿನ ಗೆರೆಗಳು ಕಣ್ಣಿಗೆ ಹೊಡೆಯುವಷ್ಟು ಸೊರಗುತ್ತಿದ್ದವು. ಮುದ್ರಿತ ನಕ್ಷೆಯಲ್ಲಿ ಏನೂ ಬದಲಾಗಲಿಲ್ಲ.

ಸರಕಿಗೂ ಪ್ರಯಾಣಿಕರಿಗೂ ಹಳಿ ಒಂದೇ, ಆದರೆ ಜಾಲ ಎರಡು. ಹಾಸನ–ಮಂಗಳೂರು ಮಾರ್ಗ ಇದಕ್ಕೆ ಒಳ್ಳೆಯ ಪಾಠ. ಮೀಟರ್ ಗೇಜಾಗಿ 1979ರಲ್ಲಿ ತೆರೆದ ಈ ದಾರಿಯನ್ನು ಗೇಜ್ ಬದಲಾವಣೆಗೆಂದು 1996ರಲ್ಲಿ ಮುಚ್ಚಿದರು. 2006ರಲ್ಲಿ ಗೂಡ್ಸ್ ಓಡತೊಡಗಿತು, ಪ್ರಯಾಣಿಕರ ರೈಲು ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳು, 50ಕ್ಕೆ 1ರ ಏರು. ಗೂಡ್ಸಿಗೂ ಪ್ರಯಾಣಿಕರ ರೈಲಿಗೂ ಸುರಕ್ಷತೆಯ ನಿಯಮ ಬೇರೆಯಾದ್ದರಿಂದ, ಒಂದಷ್ಟು ಕಾಲ ಒಂದೇ ಹಳಿ ಒಂದು ನಕ್ಷೆಯಲ್ಲಿ ಜೀವಂತವಾಗಿಯೂ ಇನ್ನೊಂದರಲ್ಲಿ ಮುಚ್ಚಿಯೂ ಇತ್ತು. ಹೊಸಪೇಟೆ–ಕೊಟ್ಟೂರು ಮಾರ್ಗದ ಕಥೆಯೂ ಹಾಗೇ. ಅಲ್ಲಿನ ಬ್ರಾಡ್ ಗೇಜಿನ ಮೇಲೆ ಅದಿರಿನ ಗಾಡಿ ವರ್ಷಗಟ್ಟಲೆ ಓಡಿತು. ಹಳಿ ಪಕ್ಕದ ಊರಿನವರು ತಮಗೊಂದು ಪ್ಯಾಸೆಂಜರ್ ಬೇಕೆಂದು ಹೋರಾಡಿ ಪಡೆಯಬೇಕಾಯಿತು. ಇನ್ನು ಕುದುರೆಮುಖದ ಅದಿರು ರೈಲನ್ನೇ ಹತ್ತಲಿಲ್ಲ, ಕೊಳವೆಯೊಳಗೆ ಕೆಸರಾಗಿ ಹರಿದು ಪಣಂಬೂರು ತಲುಪುತ್ತಿತ್ತು. ಸರಕು ಸಾಗಾಟದ ನಕ್ಷೆ ಎಂದಮೇಲೆ ಅಂಥ ಕೊಳವೆಗೂ ಜಾಗ ಕೊಡಬೇಕಾಗುತ್ತದೆ.

ಡಿಜಿಟಲ್ ಕಾಲ ಬಂದಮೇಲೆ ಕೆಲಸ ಎರಡು ದಿಕ್ಕಿನಿಂದ ನಡೆದಿದೆ. ಹೊರಗಿನಿಂದ, ಹವ್ಯಾಸಿಗಳು. ಸಮಿತ್ ರಾಯ್‌ಚೌಧುರಿ ಅವರ ‘ದಿ ಗ್ರೇಟ್ ಇಂಡಿಯನ್ ರೈಲ್ವೆ ಅಟ್ಲಾಸ್’ 2005ರಲ್ಲಿ ಬಂತು. ದೇಶದ ಹಳಿಗಳನ್ನೆಲ್ಲ ಪುಟ ಪುಟವಾಗಿ ಬಿಡಿಸಿದ ಈ ಪುಸ್ತಕದ ಹಿಂದಿರುವುದು ಒಬ್ಬ ರೈಲು ಪ್ರೇಮಿಯ ಶ್ರಮ. ಇಷ್ಟು ದೊಡ್ಡ ಇಲಾಖೆ ಇಂಥದನ್ನು ತಾನೇ ಓದುಗರಿಗೆ ಕೊಡಬಹುದಿತ್ತು ಎನಿಸದಿರದು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಯಾರು ಬೇಕಾದರೂ ಉಪಗ್ರಹ ಚಿತ್ರ ನೋಡಿ ಹಳಿ ಎಳೆಯಬಹುದು. ಮುಖ್ಯ ಮಾರ್ಗ, ಶಾಖೆ, ಯಾರ್ಡ್, ಕಾರ್ಖಾನೆಯ ಸೈಡಿಂಗ್, ಕಿತ್ತುಹಾಕಿದ ಹಳೆಯ ಹಳಿ, ಎಲ್ಲಕ್ಕೂ ಬೇರೆ ಬೇರೆ ಗುರುತು. ಸ್ಟೇಷನ್ ಹೆಸರು ಕನ್ನಡದಲ್ಲಿ ಸೇರಿಸಲು ಪ್ರತ್ಯೇಕ ಜಾಗವೂ ಇದೆ. ವೇಳಾಪಟ್ಟಿಯ ನಕ್ಷೆ ಮುಚ್ಚಿಟ್ಟಿದ್ದ ರಣಜಿತ್‌ಪುರದಂಥ ಅದಿರಿನ ಶಾಖೆಗಳು ಸಾಮಾನ್ಯ ಓದುಗನಿಗೆ ಕಂಡದ್ದು ಹೀಗೆ. ಆದರೂ ಉಪಗ್ರಹಕ್ಕೆ ಕಾಣುವುದು ಕಬ್ಬಿಣ. ಅದರ ಮೇಲೆ ದಿನಕ್ಕೆಷ್ಟು ರೇಕು ಎಂಬುದನ್ನು ಅದು ಹೇಳದು.

ಅದನ್ನು ಬಲ್ಲವರು ಒಳಗಿದ್ದಾರೆ. ಫಾಯ್ಸ್ ಎಂದು ಕರೆಯುವ ಸರಕು ಮಾಹಿತಿ ವ್ಯವಸ್ಥೆ ರೇಕುಗಳ ಜಾಡು ಹಿಡಿದು ಎರಡು ದಶಕಗಳಾದವು. ಇಸ್ರೊ ನೆರವಿನ ಆರ್‌ಟಿಐಎಸ್ ಸಾಧನ ಕೂತ ಎಂಜಿನ್ 30 ಸೆಕೆಂಡಿಗೊಮ್ಮೆ ತಾನೆಲ್ಲಿದ್ದೇನೆಂದು ತಿಳಿಸುತ್ತದೆ. 2021ರ ಅಕ್ಟೋಬರಿನಲ್ಲಿ ಶುರುವಾದ ಪಿಎಂ ಗತಿಶಕ್ತಿ ರಸ್ತೆ, ರೈಲು, ಬಂದರು, ಕೊಳವೆಮಾರ್ಗ, ಅರಣ್ಯಗಳನ್ನು ಒಂದೇ ನಕ್ಷೆಯ ಪದರಗಳಾಗಿ ಕೂಡಿಸಿದೆ. ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರದ ಕೆ-ಜಿಐಎಸ್‌ನಲ್ಲೂ ಪದರಗಳಿಗೆ ಕೊರತೆಯಿಲ್ಲ. ಹೊಸ ಹಳಿಯ ಗೆರೆ ಎಳೆಯುವ ಹೊತ್ತಿಗೇ ಅದು ಕಾಡನ್ನು ಎಲ್ಲಿ ಕೊಯ್ಯುತ್ತದೆಂದು ಅಧಿಕಾರಿಗೆ ಗೊತ್ತಾಗುವುದು ಸಣ್ಣ ಲಾಭವಲ್ಲ. ಆದರೆ ಸರಕಿನ ವಿವರ ಹೆಚ್ಚಾಗಿ ಇಲಾಖೆಗಳ ಪಾಸ್‌ವರ್ಡಿನ ಹಿಂದೆಯೇ ಇದೆ. ಕೋಷ್ಟಕ ಹೋಗಿ ಸರ್ವರ್ ಬಂತು, ಕಚೇರಿಯ ಬಾಗಿಲು ಹಾಗೇ ಇದೆ.

ಪ್ರಯಾಣಿಕರ ನಕ್ಷೆ ಮಾತ್ರ ಇನ್ನಷ್ಟು ಅಂದವಾಗುತ್ತಿದೆ. 2020ರಲ್ಲಿ ಒಪ್ಪಿಗೆ ಸಿಕ್ಕ ಬೆಂಗಳೂರು ಉಪನಗರ ರೈಲಿನ 148 ಕಿ.ಮೀ.ಗಳ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೆಸರಿಟ್ಟಿದ್ದಾರೆ. ವೈಟ್‌ಫೀಲ್ಡಿನ ಕಂಟೇನರ್ ಡಿಪೊಗಾಗಲಿ ದೇವನಗೊಂದಿಯ ತೈಲ ಟರ್ಮಿನಲ್ಲಿಗಾಗಲಿ ಹೂವಿನ ಹೆಸರು ಯಾರೂ ಇಡುವುದಿಲ್ಲ. ಊರಿನ ಪೆಟ್ರೋಲ್ ಬಂಕು ಮಾತ್ರ ಆ ಟರ್ಮಿನಲ್ಲನ್ನು ನಂಬಿಕೊಂಡಿದೆ.

ಕೊನೆಗೆ ಉಳಿಯುವುದು ಇನ್ನೂ ಹಾಕಬೇಕಾದ ಹಳಿಗಳ ಚುಕ್ಕಿಗೆರೆಗಳು. 1997–98ರಲ್ಲಿ ಮಂಜೂರಾದ ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗ ಗಂಗಾವತಿ, ಕಾರಟಗಿ, ಸಿಂಧನೂರು ಎಂದು ತುಂಡು ತುಂಡಾಗಿ ಗಟ್ಟಿಗೆರೆಯಾಗುತ್ತ ಬಂದಿದೆ. ಅದೇ ಕಾಲದ ಹುಬ್ಬಳ್ಳಿ–ಅಂಕೋಲಾ ಕಾಡಿನ ತಕರಾರಿನಲ್ಲಿ ಚುಕ್ಕಿಯಾಗಿಯೇ ಉಳಿದಿದೆ. ತುಮಕೂರು–ದಾವಣಗೆರೆ, ಗದಗ–ವಾಡಿ, ಬಾಗಲಕೋಟೆ–ಕುಡಚಿಗಳೂ ಚುಕ್ಕಿಯಾಗಿ ಹೊರಟವೇ. ಹೆಚ್ಚಿನ ನಕ್ಷೆಗಳಲ್ಲಿ ಸರ್ವೆ ಮುಗಿದದ್ದಕ್ಕೂ, ಮಂಜೂರಾದದ್ದಕ್ಕೂ, ಭೂಮಿ ಸಿಕ್ಕಿ ಮಣ್ಣು ಹಾಕುತ್ತಿರುವುದಕ್ಕೂ ಅದೇ ಒಂದು ಚುಕ್ಕಿ. ಮೂರಕ್ಕೂ ಬೇರೆ ಗುರುತು ಕೊಟ್ಟು, ಪ್ರತಿಯೊಂದರ ಪಕ್ಕ ಮಂಜೂರಾದ ವರ್ಷವನ್ನೂ ಅದು ಯಾವ ಸರಕನ್ನು ನಂಬಿ ಹೊರಟಿತೆಂಬುದನ್ನೂ ಬರೆದರೆ ಜಿಲ್ಲಾ ಪಂಚಾಯಿತಿಯ ಸದಸ್ಯರೂ ಅದನ್ನು ಹಿಡಿದು ಪ್ರಶ್ನೆ ಕೇಳಬಹುದು. ಅದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ.