‘ನೈಸ್’ ಪದದ ಅರ್ಥಚರಿತ್ರೆ ಮತ್ತು ‘ಮೂಲಾರ್ಥ’ದ ಪ್ರಶ್ನೆ

ಪದವೊಂದರ ಅತ್ಯಂತ ಹಳೆಯ ಅರ್ಥವೇ ಅದರ ನಿಜವಾದ ಅರ್ಥ ಎಂಬ ನಂಬಿಕೆ ಭಾಷಾಚರ್ಚೆಗಳಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತದೆ. ಇದನ್ನು ಪರೀಕ್ಷಿಸಲು ಇಂಗ್ಲಿಷಿನ ‘ನೈಸ್’ ತಕ್ಕ ನಿದರ್ಶನವೆಂದು ನಾವು ಭಾವಿಸುತ್ತೇವೆ.

ಈ ಪದದ ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’. ನಿಷೇಧಸೂಚಕ ‘ನೆ’ ಮತ್ತು ‘ಅರಿ’ ಎಂಬರ್ಥದ ‘ಸ್ಕೀರೆ’ ಕ್ರಿಯಾಪದಗಳಿಂದಾದ ಇದರ ಅರ್ಥ ‘ಅರಿವಿಲ್ಲದ’. ಹಳೆಯ ಫ್ರೆಂಚಿನಲ್ಲಿ ‘ಪೆದ್ದ’ ಎಂಬರ್ಥ ತಳೆದ ಪದವು 1300ರ ಸುಮಾರಿಗೆ ಇಂಗ್ಲಿಷನ್ನು ಸೇರಿತು. ಚಾಸರ್‌ನಲ್ಲಿ ಅದು ಮೂರ್ಖತನವನ್ನು ಸೂಚಿಸುತ್ತದೆ. ಮುಂದೆ ‘ಅತಿ ನಾಜೂಕಿನ’, ‘ಸುಲಭವಾಗಿ ಮೆಚ್ಚದ’ ಎಂಬ ಅರ್ಥಗಳು ಬೆಳೆದವು. ಸುಲಭವಾಗಿ ಮೆಚ್ಚದವರು ಸಣ್ಣ ಭೇದಗಳನ್ನೂ ಗಮನಿಸುತ್ತಾರೆ. ಹೀಗೆ 16ನೆಯ ಶತಮಾನದಲ್ಲಿ ‘ಸೂಕ್ಷ್ಮ, ಕರಾರುವಾಕ್ಕಾದ’ ಎಂಬ ಅರ್ಥ ಮೂಡಿತು. ‘ಹಿತವಾದ’ ಎಂಬ ಇಂದಿನ ಅರ್ಥ ಬಳಕೆಗೆ ಬಂದದ್ದು 18ನೆಯ ಶತಮಾನದಲ್ಲಿ. ಅರ್ಥೋತ್ಕರ್ಷಕ್ಕೆ ಇದನ್ನು ಉದಾಹರಿಸುವುದು ವಾಡಿಕೆ.

1817ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟಿನ್ ಅವರ ‘ನಾರ್ಥ್ಯಾಂಗರ್ ಅಬ್ಬಿ’ಯಲ್ಲಿ ಹೆನ್ರಿ ಟಿಲ್ನಿ ಎಂಬ ಪಾತ್ರ, ಎಲ್ಲವನ್ನೂ ‘ನೈಸ್’ ಎನ್ನುವ ರೂಢಿಯನ್ನು ಗೇಲಿ ಮಾಡುತ್ತದೆ. ಮೊದಲು ಪದವು ಅಚ್ಚುಕಟ್ಟು, ನವಿರುಗಳಿಗಷ್ಟೇ ಸಲ್ಲುತ್ತಿದ್ದಿರಬಹುದೆಂದು ಊಹಿಸುತ್ತದೆ. ಆದರೆ ಆ ‘ಮೊದಲು’ ವಾಸ್ತವವಾಗಿ ಪದದ ನಡುಹಾದಿ. ಮೂಲಾರ್ಥದ ವಾದವು ಬಹುಮಟ್ಟಿಗೆ ತನಗೆ ಪರಿಚಿತವಾದ ಹಿಂದಿನ ಹಂತವೊಂದನ್ನೇ ಮೂಲವೆಂದು ಹಿಡಿಯುತ್ತದೆ.

ಇದೇ ಎಚ್ಚರ ಎರವಲು ಪದಗಳ ಅಧ್ಯಯನಕ್ಕೂ ಅಗತ್ಯ. ಕನ್ನಡದ ಆಡುಮಾತಿನಲ್ಲಿ ‘ಅಕ್ಕಿಯನ್ನು ನೈಸಾಗಿ ರುಬ್ಬು’ ಎಂದರೆ ನುಣ್ಣಗೆ ರುಬ್ಬು. ‘ನೈಸಾಗಿ ಜಾರಿಕೊಂಡ’ ಎಂದರೆ ಉಪಾಯದಿಂದ ತಪ್ಪಿಸಿಕೊಂಡ. ಮೊದಲನೆಯದರಲ್ಲಿ ಇಂಗ್ಲಿಷಿನ ಹಳೆಯ ‘ಸೂಕ್ಷ್ಮ’ ಎಂಬರ್ಥ ಉಳಿದಿದೆ ಎನ್ನುವ ಆಸೆ ಸಹಜ. ಆದರೆ ಎರಡನೆಯ ಪ್ರಯೋಗವನ್ನು ಆ ಅರ್ಥ ವಿವರಿಸಲಾರದು. ಕನ್ನಡದ ‘ನಯ’ ಎರಡನ್ನೂ ವಿವರಿಸುತ್ತದೆ: ‘ನಯವಾದ ಹಿಟ್ಟು’, ‘ನಯವಾಗಿ ನುಣುಚಿಕೊಂಡ’. ಧ್ವನಿಸಾಮ್ಯವಿರುವ ‘ನಯ’ದ ಅರ್ಥಕ್ಷೇತ್ರವನ್ನು ‘ನೈಸ್’ ಹಂಚಿಕೊಂಡಿದೆ ಎಂಬುದು ನಮ್ಮ ವಾದ.

ಹಾಗಾಗಿ ಎರವಲು ಪದದ ಅರ್ಥವನ್ನು ಹುಡುಕುವಾಗ ಅದು ಹೊರಟುಬಂದ ಭಾಷೆಯ ನಿಘಂಟಿನಷ್ಟೇ, ಬಂದು ಸೇರಿದ ಭಾಷೆಯಲ್ಲಿ ಅದರ ನೆರೆಯ ಪದಗಳೂ ಪರಿಶೀಲನಾರ್ಹ. ವ್ಯುತ್ಪತ್ತಿಯು ಪದ ನಡೆದುಬಂದ ದಾರಿಯನ್ನು ತೋರಿಸುತ್ತದೆ; ಅರ್ಥವನ್ನು ನಿರ್ಣಯಿಸುವುದು ಬಳಸುವ ಸಮುದಾಯ.