ಪೋಲ್ಚೆವೆರಾ ಸೇತುವೆ

ಇಟಲಿಯ ಜೆನೋವಾ ನಗರದಲ್ಲಿ ಪೋಲ್ಚೆವೆರಾ ನದಿಯ ಕಣಿವೆಯನ್ನು ದಾಟಿಸುತ್ತಿದ್ದ ಮಹಾಸೇತುವೆಯು 1967ರ ಸೆಪ್ಟೆಂಬರಿನಲ್ಲಿ ಸಂಚಾರಕ್ಕೆ ತೆರೆದಾಗ, ಅದನ್ನು ರೂಪಿಸಿದ ರಿಕಾರ್ಡೋ ಮೊರಾಂಡಿಯ ಕೀರ್ತಿಯು ದೇಶಾಂತರಗಳಿಗೂ ಹಬ್ಬಿತು. ಉನ್ನತ ಗೋಪುರಗಳ ನೆತ್ತಿಯಿಂದ ಇಳಿದು ಮಾರ್ಗವನ್ನು ಎತ್ತಿಹಿಡಿದಿದ್ದ ಉಕ್ಕಿನ ತಂತಿಗಳನ್ನು ಆತನು ಬಯಲಿಗೆ ಬಿಡದೆ ಕಾಂಕ್ರೀಟಿನೊಳಗೆ ಹುದುಗಿಸಿದ್ದನು. ಕಾಂಕ್ರೀಟಿನ ಕ್ಷಾರಗುಣದಿಂದ ಉಕ್ಕಿನ ಮೈಮೇಲೆ ತೆಳುವಾದ ರಕ್ಷಾಪೊರೆಯೊಂದು ಮೂಡುವುದು ನಿಜ; ಆದರೆ ಕಡಲ ಗಾಳಿಯ ಲವಣವು ಬಿರುಕುಗಳ ದಾರಿಯಿಂದ ಒಳಹೊಕ್ಕು ಆ ಪೊರೆಯನ್ನು ಭೇದಿಸಿದ ಮೇಲೆ, ತುಕ್ಕು ತಾನು ತಿಂದ ಉಕ್ಕಿಗಿಂತ ಹೆಚ್ಚಿನ ಸ್ಥಳವನ್ನು ಬೇಡುತ್ತಾ, ಕವಚವನ್ನು ಒಳಗಿನಿಂದಲೇ ಸೀಳತೊಡಗುತ್ತದೆ. ರಕ್ಷಣೆಗೆಂದು ತೊಡಿಸಿದ ಆ ಕವಚವೇ, ತಂತಿ ಸವೆಯುತ್ತಿರುವುದನ್ನು ಪರೀಕ್ಷಕನ ಕಣ್ಣಿಂದ ಮರೆಮಾಡುತ್ತಿತ್ತು.

ಇದನ್ನು ಮೊದಲು ಅರಿತವರಲ್ಲಿ ಮೊರಾಂಡಿಯೂ ಒಬ್ಬನೆಂಬುದು ಈ ಚರಿತ್ರೆಯ ಅತ್ಯಂತ ಗೌರವಾರ್ಹ ಅಂಶ. 1979ರಲ್ಲಿ, ಸೇತುವೆಗೆ ಇನ್ನೂ ಹನ್ನೆರಡು ವರ್ಷ ತುಂಬುತ್ತಿರುವಾಗಲೇ, ಉಪ್ಪುಗಾಳಿಯೂ ಕಾರ್ಖಾನೆಗಳ ಹೊಗೆಯೂ ಕೂಡಿ ತನ್ನ ಕೃತಿಯನ್ನು ನಿರೀಕ್ಷೆಗಿಂತ ಬೇಗ ಜೀರ್ಣಗೊಳಿಸುತ್ತಿವೆಯೆಂದೂ, ತುಕ್ಕನ್ನು ಕೆರೆದು ಮೇಲ್ಮೈಗೆ ಲೇಪನವಿಡುವ ಕಾರ್ಯವು ನಿರಂತರವಾಗಿ ನಡೆಯಬೇಕೆಂದೂ ಆತನು ಬರೆದನು. ತನ್ನ ಕೀರ್ತಿಗೆ ಕಾರಣವಾದ ಕೃತಿಯ ದೋಷವನ್ನು ತಾನೇ ಲೋಕಕ್ಕೆ ಸಾರುವುದು ಸಾಮಾನ್ಯ ಧೈರ್ಯವಲ್ಲ. 1990ರ ದಶಕದ ಆರಂಭದಲ್ಲಿ ಹನ್ನೊಂದನೆಯ ಗೋಪುರದ ತೂಗುಬಂಧಗಳಿಗೆ ಹೊರಗಿನಿಂದ ಹೊಸ ಉಕ್ಕಿನ ಹಗ್ಗಗಳನ್ನು ಬಿಗಿದು ಬಲಪಡಿಸಿದರು. ಒಂಬತ್ತನೆಯದಕ್ಕೆ ಆ ಭಾಗ್ಯ ಒದಗಲಿಲ್ಲ. ಅದರ ಬಲವರ್ಧನೆಯ ಯೋಜನೆ ಸಿದ್ಧವಾಗಿ, ಅನುಮೋದನೆಯೂ ದೊರೆತು, ಕೆಲಸ ಇನ್ನೇನು ಆರಂಭವಾಗಬೇಕೆನ್ನುವಷ್ಟರಲ್ಲಿ, 2018ರ ಆಗಸ್ಟ್ 14ರಂದು, ಸುರಿಯುವ ಮಳೆಯಲ್ಲಿ ಆ ಒಂಬತ್ತನೆಯ ಗೋಪುರವೇ ಕುಸಿದು 43 ಜೀವಗಳು ಹೋದವು.

ನಮ್ಮ ನೆರೆಯ ಗೋವೆಯಲ್ಲಿಯೂ 1970ರಲ್ಲಿ ತೆರೆದ ಪಣಜಿಯ ಮಾಂಡವಿ ಸೇತುವೆ 1986ರ ಜುಲೈಯಲ್ಲಿ ನದಿಗೆ ಬಿದ್ದುದನ್ನು ಕರಾವಳಿಯ ಹಿರಿಯರು ಮರೆತಿರಲಾರರು. ಜೆನೋವಾದ ಕುಸಿತಕ್ಕೆ ಮರಳಿದರೆ, ಅಲ್ಲಿ ಜ್ಞಾನದ ಅಭಾವವಿರಲಿಲ್ಲ. ಯಾವ ಅಂಗವನ್ನು ಯಾವ ವರ್ಷ ತೆರೆದು ನೋಡಬೇಕು, ಕೆಟ್ಟದ್ದು ಕಂಡರೆ ಎಷ್ಟು ದಿನದೊಳಗೆ ಸರಿಪಡಿಸಬೇಕು ಎಂಬ ಕಟ್ಟುನಿಟ್ಟಿನ ಕ್ರಮವಿರಲಿಲ್ಲವೆಂದೇ ನನ್ನ ಅಭಿಪ್ರಾಯ. ಅದೇ ಕಣಿವೆಯ ಮೇಲೆ ರೆಂಜೋ ಪಿಯಾನೋ ರೂಪಿಸಿ, 2020ರ ಆಗಸ್ಟಿನಲ್ಲಿ ಉದ್ಘಾಟನೆಗೊಂಡ ಹೊಸ ಸೇತುವೆಗಾದರೋ ತಳಭಾಗವನ್ನು ಪರೀಕ್ಷಿಸುವ ಯಂತ್ರಮಾನವರನ್ನೂ, ಒಳಗಿನ ತೇವವನ್ನು ಹೀರಿ ಲವಣದ ಬಾಧೆಯನ್ನು ತಡೆಯುವ ಸಾಧನವನ್ನೂ ಕಟ್ಟುವಾಗಲೇ ಅಳವಡಿಸಿದ್ದಾರೆ.