ದ್ರಾಕ್ಷಿ ಬೀಜದ ಎಣ್ಣೆ: ತಿಪ್ಪೆಯಿಂದ ಗಾಜಿನ ಬಾಟಲಿವರೆಗೆ

(1/6)
ಫೋಟೋದಲ್ಲಿರೋ ಈ ತೆಳು ಹಸಿರು ಎಣ್ಣೆ ಬಾಟಲಿ ದೀಪಾವಳಿಗೆ ನಮ್ಮನೆಗೆ ಬಂತು. ಪುಣೆಯಲ್ಲಿರೋ ಕಾಕಾ ತಂದದ್ದು. ಅರ್ಧ ಲೀಟರ್, 850 ರೂಪಾಯಿ. ಲೇಬಲ್ ಮೇಲೆ ದ್ರಾಕ್ಷಿ ಗೊಂಚಲು, ಪಕ್ಕದಲ್ಲೊಂದು ಕೆಂಪು ಹೃದಯ. ಅಪ್ಪನಿಗೆ ಈ ವರ್ಷ ಸ್ಟೆಂಟ್ ಹಾಕಿದಾರೆ, ಅದಕ್ಕೇ ಈ ಗಿಫ್ಟ್. ಕೊಡೋವಾಗ ಕಾಕಾ ಅಂದ್ರು: "ವೈನಿ, ದಿನಾ ಇದರಾಗ ಅಡಿಗಿ ಮಾಡ್ರಿ. ಆರು ತಿಂಗಳದಾಗ ಅಣ್ಣನ ಗುಳಿಗಿ ಬಿಡಿಸಬಹುದು."

ಅವ್ವ ಆ ಮಾತು ಹಿಡ್ಕೊಂಡು ಕೂತಳು. "ದಿನಾ ಫೋನ್ ನೋಡ್ತಿರ್ತಿಯಲ್ಲ, ಇದು ಖರೇನಾ ಅಂತ ನೋಡಿ ಹೇಳು" ಅಂದಳು. ನಾನು ಓದೋದು ಬಿಕಾಂ, ಡಾಕ್ಟರಿಕೆ ಅಲ್ಲ. ಆದ್ರೂ ಹುಡುಕಿದೆ. ಆರೋಗ್ಯದ ಉತ್ತರ ಹುಡುಕ್ತಾ ಹೋದ್ರೆ ಕೈಗೆ ಸಿಕ್ಕಿದ್ದು ಇತಿಹಾಸ. ಉದ್ದ ಇದೆ, ಆರು ಪೋಸ್ಟ್ ಆಗುತ್ತೆ, ಸಹಿಸ್ಕೊಳ್ರಿ.

(2/6)
ಮೊದಲು ನಮ್ಮೂರಿನ ಮಾತು. ನಮ್ಮದು ವಿಜಯಪುರ, ದ್ರಾಕ್ಷಿ ನಾಡು. ಹಾಗಾದ್ರೆ ಈ ಎಣ್ಣೆ ಇಲ್ಲೇ ಯಾಕೆ ಮಾಡಬಾರದು? ತಿಕೋಟಾ ಕಡೆ ತೋಟ ನೋಡಿದವರಿಗೆ ಉತ್ತರ ಗೊತ್ತು. ಇಲ್ಲಿ ಒಣದ್ರಾಕ್ಷಿಗೆ ಬೆಳೆಯೋದು ಹೆಚ್ಚಾಗಿ ಥಾಮ್ಸನ್ ಸೀಡ್‌ಲೆಸ್. ಹೆಸರಲ್ಲೇ ಇದೆ, ಬೀಜಾನೇ ಇಲ್ಲ! ಬೀಜ ಇರೋದು ಬೆಂಗಳೂರು, ಚಿಕ್ಕಬಳ್ಳಾಪುರ ಕಡೆಯ ಬೆಂಗಳೂರು ಬ್ಲೂ ಥರದ ತಳಿಯಲ್ಲಿ, ಆಮೇಲೆ ವೈನ್ ದ್ರಾಕ್ಷಿಯಲ್ಲಿ.

ಎಣ್ಣೆಯ ಕಥೆ ಶುರುವಾಗೋದೂ ವೈನ್‌ನಿಂದಲೇ. ರಸ ಹಿಂಡಿದ ಮೇಲೆ ಸಿಪ್ಪೆ, ಬೀಜ, ತೊಟ್ಟು ಉಳಿಯುತ್ತೆ. ಇಟಲಿಯವರು ಆ ಚರಟವನ್ನ ಭಟ್ಟಿ ಇಳಿಸಿ ಗ್ರಾಪ್ಪಾ ಅನ್ನೋ ಸಾರಾಯಿ ಮಾಡ್ತಾರೆ. ಅದಾದ ಮೇಲೂ ಬೀಜ ಹಾಗೇ ಉಳಿಯುತ್ತೆ. ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ ಬೈ-ಪ್ರಾಡಕ್ಟ್ ಅಂತ ಒಂದು ಚಾಪ್ಟರ್ ಬರುತ್ತಲ್ಲ, ನಾವೆಲ್ಲ ಲಾಸ್ಟ್ ಬೆಂಚಲ್ಲಿ ನಿದ್ದೆ ಹೊಡೆದದ್ದು, ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.

ಅಂದಾಜು ಲೆಕ್ಕ ಹಾಕೋಣ. ಒಂದು ಟನ್ ವೈನ್ ದ್ರಾಕ್ಷಿಯಲ್ಲಿ ಬೀಜ 40 ಕೆಜಿ ಅಂತ ಹಿಡೀರಿ. ಆ ಬೀಜದಲ್ಲಿ ಎಣ್ಣೆ ನೂರಕ್ಕೆ 10ರಿಂದ 15 ಪಾಲು. ಅಂದ್ರೆ ಒಂದು ಟನ್ ಹಣ್ಣಿಗೆ ಸುಮಾರು 5 ಕೆಜಿ ಎಣ್ಣೆ. ನಮ್ಮ ಶೇಂಗಾ ಕಾಳಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆನೇ ಇರುತ್ತೆ. ಬೇರೆ ಎಣ್ಣೆ ಸಿಗೋ ಕಾಲದಲ್ಲಿ ಈ ಬೀಜ ಹಿಂಡೋಕೆ ಯಾರು ಹೋಗ್ತಾರೆ?

(3/6)
ಬೇರೆ ಎಣ್ಣೆ ಸಿಗದೇ ಇದ್ದಾಗ ಹೋಗ್ತಾರೆ. ಹಿಂದಕ್ಕೆ ಹೋದಷ್ಟೂ ಇದು ಬಡತನದ ಎಣ್ಣೆ. 18ನೇ ಶತಮಾನದ ಇಟಲಿಯಲ್ಲಿ ಇದನ್ನ ದೀಪಕ್ಕೆ ಉರಿಸ್ತಿದ್ರು. ಆಮೇಲೆ ಸೋಪಿಗೆ ಬಂತು. ಗಾಳಿಗೆ ಬಿಟ್ಟರೆ ನಿಧಾನಕ್ಕೆ ಅಂಟಂಟಾಗೋ ಗುಣ ಇರೋದರಿಂದ ಬಣ್ಣಕ್ಕೂ ಬಳಕೆ ಆಯ್ತು. ಊಟದ ತಟ್ಟೆಗೆ ದೊಡ್ಡದಾಗಿ ತಂದದ್ದು ಮಾತ್ರ ಯುದ್ಧ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ನೌಕಾಪಡೆ ಜರ್ಮನಿಯ ಸಮುದ್ರ ದಾರಿ ಮುಚ್ಚಿತು. ಹೊರಗಿಂದ ಬರೋ ಎಣ್ಣೆಕಾಳು ನಿಂತವು. ಅಡಿಗೆಗೆ ಎಣ್ಣೆ ಇಲ್ಲ, ಸೋಪಿಗೆ ಇಲ್ಲ. ಎಣ್ಣೆ-ಕೊಬ್ಬಿಗೆ ಅಂತಲೇ ಅಲ್ಲಿ ಯುದ್ಧಕಾಲದ ಸಮಿತಿಯೊಂದು ಹುಟ್ಟಿತು. ಹಣ್ಣು ತಿಂದು ಬೀಜ ಎಸೀಬೇಡಿ, ಕೂಡಿಸಿ ಕೊಡಿ ಅಂತ ಜನಕ್ಕೆ ಕರೆ ಹೋಯ್ತು. ಶಾಲೆ ಮಕ್ಕಳೂ ಚೀಲ ಹಿಡ್ಕೊಂಡು ಓಡಾಡಿದ್ರು. ಮುಂದೆ 1935ರಲ್ಲಿ ಮುಸೊಲಿನಿ ಇಥಿಯೋಪಿಯಾ ಮೇಲೆ ದಂಡೆತ್ತಿ ಹೋದಾಗ ಇಟಲಿ ಮೇಲೆ ಆರ್ಥಿಕ ದಿಗ್ಬಂಧನ ಬಿತ್ತು. "ಎಲ್ಲಾ ನಮ್ಮಲ್ಲೇ ಮಾಡ್ಕೊಳ್ಳೋಣ" ಅನ್ನೋ ಆ ದಿನಗಳಲ್ಲಿ ದ್ರಾಕ್ಷಿ ಬೀಜಕ್ಕೆ ಮತ್ತೆ ಬೆಲೆ ಬಂತು.

ಇಲ್ಲಿವರೆಗೂ ಹೃದಯದ ಚಿತ್ರ ಎಲ್ಲೂ ಇಲ್ಲ, ಗಮನಿಸಿದ್ರಾ?

(4/6)
ಹೃದಯ ಬಂದದ್ದು 1961ರಲ್ಲಿ. ಬೆಣ್ಣೆ, ಹಂದಿ ಕೊಬ್ಬಿನಂಥ ಗಟ್ಟಿ ಕೊಬ್ಬು ಕಡಿಮೆ ಮಾಡಿ, ಅದರ ಜಾಗದಲ್ಲಿ ಸಸ್ಯದ ಎಣ್ಣೆ ಬಳಸಿ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಆ ವರ್ಷ ಹೇಳಿತು. ಲಿನೋಲಿಕ್ ಆಮ್ಲ ಜಾಸ್ತಿ ಇರೋ ಎಣ್ಣೆ ಕೊಲೆಸ್ಟರಾಲ್ ಇಳಿಸುತ್ತೆ ಅನ್ನೋದು ಅದರ ಹಿಂದಿನ ತರ್ಕ. ದ್ರಾಕ್ಷಿ ಬೀಜದ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ನೂರಕ್ಕೆ ಸುಮಾರು 70. ನಿನ್ನೆವರೆಗೂ ತಿಪ್ಪೆಗೆ ಹೋಗ್ತಿದ್ದ ಬೀಜಕ್ಕೆ ಅದೃಷ್ಟ ಖುಲಾಯಿಸಿತು.

ಈಗ ನನ್ನ ಮನೆ ಕಥೆ ಬರುತ್ತೆ. ಅಜ್ಜಿ ಇರೋವರೆಗೂ ನಮ್ಮಲ್ಲಿ ಹೊಲದ ಕುಸುಬಿ ಗಾಣಕ್ಕೆ ಹಾಕಿಸಿ ತಂದ ಎಣ್ಣೆನೇ. ಆ ಕುಸುಬಿ ಎಣ್ಣೆಯಲ್ಲೂ ಲಿನೋಲಿಕ್ ನೂರಕ್ಕೆ ಸುಮಾರು 75! ಕೊಬ್ಬಿನ ಲೆಕ್ಕದಲ್ಲಿ ನೋಡಿದ್ರೆ ಎರಡೂ ಅಕ್ಕ-ತಂಗಿ. ಒಂದು ಲೇಬಲ್ ಇಲ್ಲದ ಕ್ಯಾನಿನಲ್ಲಿ ಬರ್ತಿತ್ತು, ಇನ್ನೊಂದು ಗಾಜಿನಲ್ಲಿ ಬಂದಿದೆ.

ಹಂಗಂತ ಇಬ್ಬರನ್ನೂ ಹೊಗಳಿ ಮುಗಿಸೋ ಹಾಗಿಲ್ಲ. 1966ರಿಂದ 73ರವರೆಗೆ ಸಿಡ್ನಿಯಲ್ಲಿ ಹೃದಯದ ತೊಂದರೆ ಆದ 458 ಗಂಡಸರ ಮೇಲೆ ಒಂದು ಪ್ರಯೋಗ ನಡೀತು. ಒಂದು ಗುಂಪಿಗೆ ಗಟ್ಟಿ ಕೊಬ್ಬಿನ ಬದಲು ಕುಸುಬಿ ಎಣ್ಣೆ, ಅದರದ್ದೇ ಮಾರ್ಗರೀನ್. ಹಳೆ ಡೇಟಾ ಹುಡುಕಿ ತೆಗೆದು 2013ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಪೂರ್ತಿ ಲೆಕ್ಕ ಹಾಕಿದ್ರು. ಸತ್ತವರು ಕುಸುಬಿ ಗುಂಪಿನಲ್ಲಿ ನೂರಕ್ಕೆ 17.6, ಇನ್ನೊಂದರಲ್ಲಿ 11.8. ಇದನ್ನ ಓದಿದ ದಿನ ನನಗೆ ಅಜ್ಜಿ ನೆನಪಾಗಿ ಸ್ವಲ್ಪ ಬೇಜಾರಾಯ್ತು. ಆದರೆ ಬೇರೆ ಪ್ರಯೋಗಗಳು ಇದಕ್ಕೆ ಉಲ್ಟಾ ಹೇಳ್ತವೆ. ಎಲ್ಲಾ ಒಟ್ಟಿಗೆ ನೋಡಿ ಅದೇ ಅಮೆರಿಕನ್ ಸಂಸ್ಥೆ 2017ರಲ್ಲೂ ಸಸ್ಯದ ಎಣ್ಣೆ ಪರವೇ ನಿಂತಿತು. ಜಗಳ ಇನ್ನೂ ಮುಗಿದಿಲ್ಲ. ಗುಳಿಗೆ ಬಿಡಬಹುದು ಅಂತ ಮಾತ್ರ ಎರಡೂ ಕಡೆಯವರು ಹೇಳಿಲ್ಲ.

(5/6)
ಲೇಬಲ್ ಮೇಲಿನ ಇನ್ನೊಂದು ಪದ "ಆ್ಯಂಟಿಆಕ್ಸಿಡೆಂಟ್". ಇದರ ಮೂಲ ಫ್ರಾನ್ಸ್. 1947ರಲ್ಲಿ ಬೋರ್ಡೋದ ಜಾಕ್ ಮಾಸ್ಕ್ವಲಿಯೇ ಅನ್ನೋ ವಿಜ್ಞಾನಿ ಒಂದು ವಸ್ತು ಬೇರ್ಪಡಿಸಿದರು, ಓಪಿಸಿ ಅಂತ ಕರೀತಾರೆ. ಎಲ್ಲಿ ಸಿಕ್ಕಿತು ಗೊತ್ತಾ? ದ್ರಾಕ್ಷಿಯಲ್ಲಲ್ಲ, ಶೇಂಗಾ ಕಾಳಿನ ಕೆಂಪು ಸಿಪ್ಪೆಯಲ್ಲಿ! ನಾವು ಹುರಿದು ತಿಕ್ಕಿ ಊದಿ ಹಾರಿಸ್ತೀವಲ್ಲ, ಅದರಲ್ಲಿ. ಪೈನ್ ಮರದ ತೊಗಟೆಯಲ್ಲಿ, ದ್ರಾಕ್ಷಿ ಬೀಜದಲ್ಲಿ ಸಿಕ್ಕಿದ್ದು ಆಮೇಲೆ. 1991ರ ನವೆಂಬರ್‌ನಲ್ಲಿ ಅಮೆರಿಕದ "60 ಮಿನಿಟ್ಸ್" ಟಿವಿ ಕಾರ್ಯಕ್ರಮ, ಫ್ರೆಂಚರು ಅಷ್ಟು ಬೆಣ್ಣೆ ತಿಂದರೂ ಹೃದಯದ ಕಾಯಿಲೆ ಕಡಿಮೆ, ಕೆಂಪು ವೈನ್ ಕಾರಣ ಇರಬಹುದು ಅಂತ ತೋರಿಸಿತು. ಅಲ್ಲಿಂದ ದ್ರಾಕ್ಷಿ ಅಂದ್ರೆ ಔಷಧಿ ಅನ್ನೋ ಗಾಳಿ ಬೀಸಿತು.

ನನಗೆ ಶಾಕ್ ಆದದ್ದು ಇಲ್ಲಿ. ಓಪಿಸಿ ಕರಗೋದು ನೀರಿನಲ್ಲಿ, ಆಲ್ಕೋಹಾಲ್‌ನಲ್ಲಿ. ಎಣ್ಣೆಯಲ್ಲಿ ಅಲ್ಲ. ಬೀಜ ಹಿಂಡಿದಾಗ ಅದು ಹೆಚ್ಚೂಕಮ್ಮಿ ಪೂರ್ತಿ ಹಿಂಡಿಯಲ್ಲೇ ಉಳಿಯುತ್ತೆ. ದ್ರಾಕ್ಷಿ ಬೀಜದ ಸಾರ ಅಂತ ಕ್ಯಾಪ್ಸೂಲ್ ಮಾರ್ತಾರಲ್ಲ, ಅದು ಬೇರೆ ವಸ್ತು. ಅದರ ಕೀರ್ತಿ ಇದರ ಲೇಬಲ್ ಮೇಲೆ ಬಂದು ಕೂತಿದೆ. ಎಣ್ಣೆಯಲ್ಲಿ ವಿಟಮಿನ್ ಇ ಇರೋದು ನಿಜ. ಆದರೆ ಸೂರ್ಯಕಾಂತಿ ಎಣ್ಣೆಯಲ್ಲಿ ಅದಕ್ಕಿಂತ ಜಾಸ್ತಿ ಇದೆ.

(6/6)
ಹಾಗಾದ್ರೆ ಇದು ದಂಡನಾ? ಇಲ್ಲ. ವಾಸನೆ ಕಡಿಮೆ, ಸಲಾಡ್‌ಗೆ, ತಿಳಿ ಒಗ್ಗರಣೆಗೆ ಚೆನ್ನಾಗಿದೆ. ರಿಫೈನ್ ಮಾಡಿದ್ದು ಹೊಗೆಯಾಡೋದು ಸುಮಾರು 216 ಡಿಗ್ರಿ ಸೆಲ್ಸಿಯಸ್‌ಗೆ. ಅದನ್ನೇ ನಂಬಿ ಮಿರ್ಚಿ ಬಜಿ ಕರೀತಾ, ಅದೇ ಎಣ್ಣೆ ಮತ್ತೆ ಮತ್ತೆ ಕಾಯಿಸೋದು ತಪ್ಪು. ಲಿನೋಲಿಕ್ ಜಾಸ್ತಿ ಇರೋ ಎಣ್ಣೆ ಕಾದಷ್ಟೂ ಬೇಗ ಕೆಡುತ್ತೆ. ಇನ್ನೊಂದು, ಬೀಜ ಒಣಗಿಸೋವಾಗ ನೇರ ಹೊಗೆ ತಾಕಿದ್ರೆ ಬೆಂಜೊಪೈರೀನ್ ಅನ್ನೋ ವಿಷ ಎಣ್ಣೆಗೆ ಇಳಿಯುತ್ತೆ. ಅದಕ್ಕೆ ಒಳ್ಳೆ ಕಂಪನಿಗಳು ಇದ್ದಿಲು ಹಾಕಿ ಶುದ್ಧ ಮಾಡ್ತವೆ. ಚರ್ಮಕ್ಕೆ ಮಾತ್ರ ಹಗುರ, ಬೇಗ ಇಂಗುತ್ತೆ, ಮಸಾಜ್ ಮಾಡೋರು ಸುಮ್ಮನೆ ಇಷ್ಟಪಡಲ್ಲ.

ಹೋದ ತಿಂಗಳು ಅಪ್ಪನ ಚೆಕಪ್‌ಗೆ ಹೋದಾಗ ಅವ್ವ ಬಾಟಲಿನ ಚೀಲದಲ್ಲೇ ಒಯ್ದಿದ್ದಳು. ಡಾಕ್ಟರ್ ಲೇಬಲ್ ಓದಿ ನಕ್ಕು, "ಎಣ್ಣಿ ಯಾವುದಾದ್ರೂ ಹಾಕ್ರಿ, ಕಡಿಮಿ ಹಾಕ್ರಿ. ಗುಳಿಗಿ ಬಿಟ್ರ ಸ್ಟೆಂಟ್‌ನಾಗ ರಕ್ತ ಹೆಪ್ಪುಗಟ್ಟತದ, ಅದು ಮಾತ್ರ ನಿಮ್ಮ ಕೈಯಾಗ ಇಲ್ಲ" ಅಂದ್ರು. ಅವ್ವ ದಾರಿ ಉದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದವಳೇ ಗುಳಿಗೆ ಡಬ್ಬಿ ತೆಗೆದು ವಾರದ್ದೆಲ್ಲ ಎಣಿಸಿಟ್ಟಳು.

ಬಾಟಲಿ ಈಗ ಕನ್ನಡಿ ಮುಂದಿದೆ. ಚಳಿಗೆ ಹಿಮ್ಮಡಿ ಒಡೀತಾವೆ ಅಂತ ರಾತ್ರಿ ಹಚ್ಕೋತಾಳೆ. ಕಾಕಾಗೆ ಇನ್ನೂ ಯಾರೂ ಹೇಳಿಲ್ಲ, ಈ ಪೋಸ್ಟ್ ನೋಡಿದ್ರೆ ಗೊತ್ತಾಗುತ್ತೆ.